ಕಾರಣ ಬೇರೆ, ನೆಪ ಬೇರೆ: ಯುರೋಪಿನವರು ಸಮುದ್ರ ದಾಟಿ ಊರು ಹಿಡಿದಿದ್ದು ಯಾಕೆ?

ನಮ್ಮಕ್ಕನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಮೊನ್ನೆ ಭಾನುವಾರ ಸೋಶಿಯಲ್ ಬುಕ್ಕು ಹಿಡ್ಕೊಂಡು ಹಾಲಲ್ಲಿ ಅತ್ತಿಂದಿತ್ತ ಓಡಾಡ್ತಾ ಬಾಯಿಪಾಠ ಮಾಡ್ತಿದ್ಲು, 1453ರಲ್ಲಿ ಆಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡರು, ವ್ಯಾಪಾರ ಮಾರ್ಗ ಮುಚ್ಚಿತು, ಆದ್ದರಿಂದ ಹೊಸ ಜಲಮಾರ್ಗ ಕಂಡುಹಿಡಿಯುವುದು ಅನಿವಾರ್ಯವಾಯಿತು. ಕೇಳಿ ನಗು ಬಂತು, ಯಾಕಂದ್ರೆ ಮೂವತ್ತು ವರ್ಷದ ಹಿಂದೆ ನಾನೂ ಇದೇ ಉತ್ತರ ಬರೆದು ಪಾಸಾಗಿದ್ದು. ಆಮೇಲೆ ಅವಳೇ ನಿಂತ್ಕೊಂಡು ಕೇಳಿದ್ಲು, "ಮಾಮ, ದಾರಿ ಮುಚ್ಚಿದ್ರೆ ಬೇರೆ ದಾರಿ ಹುಡುಕ್ಬೇಕು, ಅದು ಸರಿ. ಬಂದು ಮೆಣಸು ತಗೊಂಡು ಹೋಗ್ಬೋದಿತ್ತಲ್ಲ, ಊರನ್ನೇ ಯಾಕೆ ತಗೊಂಡ್ರು?"

ಪರೀಕ್ಷೇಲಿ 1453 ಅಂತಾನೇ ಬರಿ ತಾಯಿ, ಮಾರ್ಕ್ಸ್ ಬರೋದು ಅದಕ್ಕೇ ಅಂದೆ. ಆದ್ರೆ ಅವಳ ಪ್ರಶ್ನೆ ತಲೇಲಿ ಕೂತ್ಬಿಡ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ಆ 1453ರ ಕಥೆ. ಪೋರ್ಚುಗೀಸರು ಆಫ್ರಿಕಾದ ಸೆಯುಟಾ ಅನ್ನೋ ಬಂದರನ್ನ ಹಿಡಿದಿದ್ದು 1415ರಲ್ಲಿ. ಅಂದ್ರೆ ಕಾನ್‌ಸ್ಟಾಂಟಿನೋಪಲ್ ಬೀಳೋಕೆ 38 ವರ್ಷ ಮುಂಚೇನೇ ಅವರು ಸಮುದ್ರ ದಾಟಿ ಊರು ಹಿಡಿಯೋಕೆ ಶುರು ಮಾಡಿ ಆಗಿತ್ತು. ಇನ್ನು ಮೆಣಸು ಬರ್ತಿದ್ದ ಮುಖ್ಯ ದಾರಿ ಕೆಂಪು ಸಮುದ್ರ, ಅಲೆಕ್ಸಾಂಡ್ರಿಯಾ, ವೆನಿಸ್. ಅಲೆಕ್ಸಾಂಡ್ರಿಯಾ ಇದ್ದಿದ್ದು ಈಜಿಪ್ಟಿನ ಮಾಮ್ಲೂಕರ ಕೈಲಿ, ಆಟೋಮನ್ನರು ಈಜಿಪ್ಟ್ ಗೆದ್ದಿದ್ದೇ 1517ರಲ್ಲಿ, ಅಷ್ಟೊತ್ತಿಗೆ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದು 19 ವರ್ಷ ಆಗಿತ್ತು. ದಾರಿ ಏನೂ ಬಂದ್ ಆಗಿರ್ಲಿಲ್ಲ, ವೆನಿಸ್‌ನವರು ಆರಾಮಾಗಿ ಮೆಣಸು ಕೊಂಡು ಮಾರ್ತಾನೇ ಇದ್ರು. ಸಮಸ್ಯೆ ಏನಂದ್ರೆ ಆ ಲಾಭ ಎಲ್ಲಾ ವೆನಿಸ್‌ಗೂ ಈಜಿಪ್ಟಿಗೂ ಹೋಗ್ತಿತ್ತು, ಯುರೋಪಿನ ಮೂಲೇಲಿದ್ದ ಪೋರ್ಚುಗಲ್‌ಗೆ ಏನೂ ಸಿಗ್ತಿರ್ಲಿಲ್ಲ. ಮಧ್ಯದ ದಲ್ಲಾಳಿಗಳನ್ನ ತೆಗೆದುಹಾಕ್ಬೇಕು ಅನ್ನೋದು ಅವರ ಲೆಕ್ಕ. ನಮ್ಮ ಎಪಿಎಂಸಿ ಯಾರ್ಡಲ್ಲಿ ನಿಂತಿರೋ ಯಾವ ರೈತನಿಗೂ ಇದು ಬಿಡಿಸಿ ಹೇಳ್ಬೇಕಾಗಿಲ್ಲ.

1498ರ ಮೇ ತಿಂಗಳು. ಗಾಮಾ ಕಲ್ಲಿಕೋಟೆ ಹತ್ರ ಲಂಗರು ಹಾಕಿದಾಗ ತಾನು ಇಳೀಲಿಲ್ಲ, ಹಡಗಲ್ಲಿ ಇಂಥಾ ಕೆಲಸಕ್ಕೇ ಅಂತ ಕರ್ಕೊಂಡು ಬಂದಿದ್ದ ಒಬ್ಬ ಶಿಕ್ಷೆ ಆಗಿರೋ ಕೈದೀನ ಮೊದಲು ಕಳಿಸ್ದ, ಹೋದ್ರೆ ಅವನ ತಲೆ ತಾನೇ. ದಡದಲ್ಲಿ ಅವನಿಗೆ ಸಿಕ್ಕಿದ್ದು ಟ್ಯೂನಿಸ್‌ನ ಇಬ್ಬರು ಮುಸ್ಲಿಂ ವ್ಯಾಪಾರಿಗಳು, ಅವರಿಗೆ ಸ್ಪ್ಯಾನಿಷ್ ಬರ್ತಿತ್ತು. "ನಿನ್ನ ಸೈತಾನ ಹೊತ್ಕೊಂಡು ಹೋಗ, ನಿನ್ನ ಇಲ್ಲಿಗೆ ಯಾರು ಕರ್ಕೊಂಡು ಬಂದ್ರು" ಅಂತ ಬೈದೇ ಮಾತು ಶುರು ಮಾಡಿದ್ರಂತೆ. ಅದಕ್ಕೆ ಇವನು ಹೇಳಿದ್ದು, ಕ್ರಿಶ್ಚಿಯನ್ನರನ್ನೂ ಮಸಾಲೆಯನ್ನೂ ಹುಡ್ಕೊಂಡು ಬಂದ್ವಿ ಅಂತ. ಆಮೇಲಿನ ನಾನೂರು ವರ್ಷದ ಜಗಳ ಎಲ್ಲ ಆ ಕೈದಿಯ ಒಂದು ಮಾತಲ್ಲೇ ಇದೆ ಅನ್ಸುತ್ತೆ ನಂಗೆ. ಮಸಾಲೆ ಕಾರಣ. ದೇವರು ನೆಪಾನಾ, ಅಥವಾ ಅದೂ ನಿಜವಾದ ಕಾರಣಾನಾ? ಆ ಮನುಷ್ಯನನ್ನೇ ಕೇಳಿದ್ರೂ ಹೇಳೋಕಾಗ್ತಿತ್ತೋ ಇಲ್ವೋ.

ಸರಿ, ಊರು ಯಾಕೆ ಹಿಡಿದ್ರು. ಇದಕ್ಕೆ ಮೆಣಸಿಗಿಂತ ಜಾಯಿಕಾಯಿ ಒಳ್ಳೆ ಉದಾಹರಣೆ. ಮೆಣಸು ಮಲಬಾರಲ್ಲೂ ಬೆಳೀತಿತ್ತು, ನಮ್ಮ ಗೇರುಸೊಪ್ಪೆ ಕಡೆ ಕಾಡಲ್ಲೂ ಬೆಳೀತಿತ್ತು, ಅಲ್ಲಿ ಆಳ್ತಿದ್ದ ಚೆನ್ನಭೈರಾದೇವೀನ ಪೋರ್ಚುಗೀಸರು ಮೆಣಸಿನ ರಾಣಿ ಅಂತಾನೇ ಕರೀತಿದ್ರು, ಸುಮಾತ್ರಾದಲ್ಲೂ ಸಿಗ್ತಿತ್ತು. ಎಲ್ಲಾ ಕಡೆ ಬೆಳೆಯೋದನ್ನ ಒಬ್ಬನೇ ಮುಷ್ಟೀಲಿ ಇಟ್ಕೊಳ್ಳೋದು ಕಷ್ಟ. ಆದ್ರೆ ಜಾಯಿಕಾಯಿ, ಜಾಪತ್ರೆ ಆಗ ಜಗತ್ತಿಗೆಲ್ಲ ಬರ್ತಿದ್ದಿದ್ದು ಇವತ್ತಿನ ಇಂಡೋನೇಷ್ಯಾದಲ್ಲಿರೋ ಬಂಡಾ ಅನ್ನೋ ಪುಟ್ಟ ಪುಟ್ಟ ದ್ವೀಪಗಳಿಂದ ಮಾತ್ರ. ಅಷ್ಟು ಸಣ್ಣ ಜಾಗ ಕೈಗೆ ಸಿಕ್ರೆ ಇಡೀ ಯುರೋಪಿಗೆ ನೀವು ಹೇಳಿದ್ದೇ ರೇಟು.

1602ರಲ್ಲಿ ಡಚ್ಚರು ಒಂದು ಕಂಪ್ನಿ ಮಾಡಿದ್ರು, ಅದರ ಷೇರನ್ನ ಯಾರು ಬೇಕಾದ್ರೂ ಕೊಳ್ಬಹುದಿತ್ತು, ಮನೆಕೆಲಸದೋರೂ ಕೊಂಡಿದ್ರು. ಆ ಕಂಪ್ನಿಗೆ ಸರ್ಕಾರ ಕೊಟ್ಟ ಸನ್ನದಲ್ಲಿ ಬರೀ ವ್ಯಾಪಾರದ ಲೈಸೆನ್ಸ್ ಇರ್ಲಿಲ್ಲ, ಕೋಟೆ ಕಟ್ಬಹುದು, ಸೈನ್ಯ ಇಡಬಹುದು, ರಾಜರ ಜೊತೆ ಒಪ್ಪಂದ ಮಾಡ್ಕೊಬಹುದು, ಯುದ್ಧಾನೂ ಮಾಡಬಹುದು ಅಂತಿತ್ತು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪ್ನಿ ಎರಡು ವರ್ಷ ಹಳೇದು, 1600ರ ಡಿಸೆಂಬರ್ 31. ಕಂಪ್ನಿ ಅಂದ್ರೆ ಷೇರುದಾರರಿಗೆ ಲಾಭದಲ್ಲಿ ಪಾಲು, ಅಂದ್ರೆ ಡಿವಿಡೆಂಡ್ ಕೊಡ್ಬೇಕು. ಮಸಾಲೆ ರೇಟು ಬಿದ್ರೆ ಡಿವಿಡೆಂಡ್ ಇಲ್ಲ, ರೇಟು ಬೀಳದೇ ಇರ್ಬೇಕು ಅಂದ್ರೆ ಬೇರೆಯವರಿಗೆ ಮಾಲು ಸಿಗ್ಬಾರ್ದು, ಬೇರೆಯವರಿಗೆ ಸಿಗ್ಬಾರ್ದು ಅಂದ್ರೆ ಬೆಳೆಯೋ ಜಾಗಾನೇ ನಮ್ಮ ಕೈಲಿರ್ಬೇಕು, ಅದಕ್ಕೆ ಕೋಟೆ ಬೇಕು, ಕೋಟೆಗೆ ಸಿಪಾಯಿಗಳು ಬೇಕು, ಸಿಪಾಯಿಗಳ ಸಂಬಳಕ್ಕೆ ಇನ್ನಷ್ಟು ಲಾಭ ಬೇಕು, ಅದಕ್ಕೆ ಇನ್ನೊಂದು ಜಾಗ. ಯುದ್ಧ ಇಲ್ದೆ ವ್ಯಾಪಾರ ನಡೆಯಲ್ಲ, ವ್ಯಾಪಾರ ಇಲ್ದೆ ಯುದ್ಧ ನಡೆಯಲ್ಲ ಅಂತ 1614ರಲ್ಲಿ ತನ್ನ ಡೈರೆಕ್ಟರ್‌ಗಳಿಗೆ ಕಾಗದ ಬರೆದಿದ್ದ ಯಾನ್ ಪೀಟರ್‌ಸೂನ್ ಕೂನ್ ಅನ್ನೋನೇ 1621ರಲ್ಲಿ ಬಂಡಾಕ್ಕೆ ದೊಡ್ಡ ಪಡೆ ತಗೊಂಡು ಹೋದ. ಅಲ್ಲಿನವರು ಇಂಗ್ಲಿಷರಿಗೂ ಜಾವಾದವರಿಗೂ ಜಾಯಿಕಾಯಿ ಮಾರಿ ಒಪ್ಪಂದ ಮುರಿದ್ರು ಅನ್ನೋದು ಆರೋಪ. ಊರ ಮುಖಂಡರಲ್ಲಿ 44 ಜನರನ್ನ ಬಿದಿರಿನ ಬೇಲಿಯೊಳಗೆ ನಿಲ್ಲಿಸಿ ಕೂಲಿಗೆ ತಂದಿದ್ದ ಜಪಾನಿ ಸಿಪಾಯಿಗಳ ಕೈಲಿ ಕೊಲ್ಲಿಸಿದ್ರು. ಸುಮಾರು 15,000 ಜನ ಇದ್ದ ದ್ವೀಪಗಳಲ್ಲಿ ಕೊನೆಗೆ ಉಳಿದಿದ್ದು ಸಾವಿರದ ಆಸುಪಾಸು, ಉಳಿದೋರು ಸತ್ರು, ಹಸಿವಿಂದ ಹೋದ್ರು, ಗುಲಾಮರಾಗಿ ಸಾಗಿಹೋದ್ರು, ಕೆಲವರು ತಪ್ಪಿಸ್ಕೊಂಡ್ರು. ಜನ ಹೋದ್ಮೇಲೆ ಮರ ನೋಡ್ಕೊಳ್ಳೋರು ಯಾರು? ಹೊರಗಿಂದ ಗುಲಾಮರನ್ನ ತಂದು ತೋಟ ಮಾಡ್ಸಿದ್ರು.

ಅಕ್ಕನ ಮಗಳ ಪ್ರಶ್ನೆಗೆ ಇದೇ ನನ್ನ ಉತ್ತರ. ಮೆಣಸು ತಗೊಂಡು ಹೋಗೋಕೇ ಬಂದ್ರು. ಆದ್ರೆ ಪಕ್ಕದ ಅಂಗಡಿಯೋನೂ ಮೆಣಸು ತಗೊಂಡು ಹೋಗ್ತಿದ್ದ.

ಡಚ್ಚರಲ್ಲೇ ಕೆಲವರು ಬಂಡಾದಲ್ಲಿ ನಡೆದಿದ್ದನ್ನ ನೋಡಿ ಅಸಹ್ಯಪಟ್ಟು ಬರೆದಿದಾರೆ, ಡೈರೆಕ್ಟರ್‌ಗಳೂ ಇಷ್ಟು ಕ್ರೂರ ಆಗ್ಬಾರ್ದಿತ್ತು ಅಂತ ಕೂನ್‌ಗೆ ಮೆಲ್ಲಗೆ ಗದರಿದ್ರು. ಗದರಿ, ಜಾಯಿಕಾಯಿ ಮಾರ್ಕೊಂಡ್ರು. ಈ ಚಿಕ್ಕ ಸಂಗತೀನ ನಾನು ಎತ್ತಿ ಹೇಳೋದಕ್ಕೆ ಒಂದು ಕಾರಣ ಇದೆ. ಈ ವಿಷಯ ಮಾತಿಗೆ ಬಂದಾಗಲೆಲ್ಲ ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ, ಆಗಿನ ಕಾಲ ಹಂಗಿತ್ತು ಬಿಡಿ, ಯಾರಿಗೂ ಅದು ತಪ್ಪು ಅಂತ ಗೊತ್ತಿರ್ಲಿಲ್ಲ, ಇವತ್ತಿನ ತಕ್ಕಡೀಲಿ ಅವತ್ತಿನದನ್ನ ತೂಗಬಾರ್ದು ಅಂತ. ನಾನೂ ಎಷ್ಟೋ ದಿನ ಹಂಗೇ ಅಂದ್ಕೊಂಡಿದ್ದೆ. ಓದ್ತಾ ಹೋದ ಹಾಗೆ ಗೊತ್ತಾಗಿದ್ದು ಏನಂದ್ರೆ, ತಪ್ಪು ಅನ್ನೋದನ್ನ ಅವತ್ತೇ ಅವರವರೇ, ಅವರ ಭಾಷೇಲೇ, ಅವರ ಚರ್ಚು ಪಾರ್ಲಿಮೆಂಟಿನಲ್ಲೇ ಜೋರಾಗಿ ಹೇಳಿದ್ರು. ಅವತ್ತಿನ ತಕ್ಕಡೀಲೇ ತೂಗಿ ನೋಡಿ.

ಶುರುವಿಗೇ ಹೋಗೋಣ. 1511ರ ಡಿಸೆಂಬರ್, ಕೊಲಂಬಸ್ ಹೋಗಿ ಇನ್ನೂ 20 ವರ್ಷ ಆಗಿಲ್ಲ. ಕೆರಿಬಿಯನ್ ಸಮುದ್ರದ ಸ್ಯಾಂಟೊ ಡೊಮಿಂಗೊ ಅನ್ನೋ ಸ್ಪೇನ್ ವಸಾಹತಿನಲ್ಲಿ ಭಾನುವಾರದ ಪ್ರಾರ್ಥನೆಗೆ ಸ್ಪೇನಿನ ದೊಡ್ಡ ದೊಡ್ಡ ಕುಳಗಳೆಲ್ಲ ಬಂದು ಕೂತಿದಾರೆ, ಕೊಲಂಬಸ್ ಮಗ ಡಿಯೇಗೋನೇ ಅಲ್ಲಿ ಆಗ ಗವರ್ನರ್. ಅಂತೋನಿಯೋ ಮೊಂತೆಸಿನೋಸ್ ಅನ್ನೋ ಡೊಮಿನಿಕನ್ ಸನ್ಯಾಸಿ ಎದ್ದು ನಿಂತು ಬೈಯೋಕೆ ಶುರು ಮಾಡಿದ. ಇಲ್ಲಿನ ಮೂಲ ಜನ ಮನುಷ್ಯರಲ್ವಾ? ಇವರಿಗೆ ಬುದ್ಧಿ ಆತ್ಮ ಇಲ್ವಾ? ಯಾವ ಹಕ್ಕಿಂದ ಇವರನ್ನ ಹೀಗೆ ದುಡಿಸಿ ಸಾಯಿಸ್ತಿದೀರ? ನೀವೆಲ್ಲ ನರಕಕ್ಕೇ ಹೋಗೋದು ಅಂದ. ಊರೆಲ್ಲ ರಂಪ ಆಯ್ತು, ಮುಂದಿನ ವಾರ ಕ್ಷಮೆ ಕೇಳಿಸಿ ಅಂತ ಮಠದ ಮುಂದೆ ಜಮಾಯಿಸಿದ್ರು, ಮುಂದಿನ ವಾರ ಆಸಾಮಿ ಎದ್ದು ಇನ್ನೂ ಜೋರಾಗಿ ಬೈದ.

ಈ ಗಲಾಟೆ ರಾಜನ ತನಕ ಹೋಗಿ, ನಮಗೆ ಹಕ್ಕು ಇದೆ ಅಂತ ಕಾಗದದ ಮೇಲೆ ತೋರಿಸ್ಬೇಕಾದ ಪರಿಸ್ಥಿತಿ ಬಂತು. ಆಗ ಪಲಾಸಿಯೋಸ್ ರೂಬಿಯೋಸ್ ಅನ್ನೋ ಕಾನೂನು ಪಂಡಿತ ರೆಡಿ ಮಾಡಿಕೊಟ್ಟ ಒಂದು ನೋಟಿಸು 1513ರಿಂದ ಬಳಕೆಗೆ ಬಂತು, ಹೆಸರು ರೆಕೆರಿಮಿಯೆಂತೊ. ಇದನ್ನ ಸ್ವಲ್ಪ ಹತ್ರದಿಂದ ನೋಡ್ಬೇಕು. ಯುದ್ಧಕ್ಕೆ ಮುಂಚೆ ಅಲ್ಲಿನ ಜನರ ಮುಂದೆ ಇದನ್ನ ಓದಲೇಬೇಕು, ನೋಟರಿ ಸಹಿ ಹಾಕ್ಬೇಕು. ಒಳಗೇನಿದೆ ಅಂದ್ರೆ, ದೇವರು ಲೋಕ ಸೃಷ್ಟಿ ಮಾಡಿದ, ಪೋಪ್‌ಗೆ ಅಧಿಕಾರ ಕೊಟ್ಟ, ಪೋಪ್ ಈ ಜಾಗಾನ ಸ್ಪೇನ್ ರಾಜನಿಗೆ ದಾನ ಕೊಟ್ಟಿದಾರೆ, ಒಪ್ಕೊಂಡ್ರೆ ಸರಿ, ಇಲ್ದಿದ್ರೆ ಯುದ್ಧ ಮಾಡ್ತೀವಿ, ಹೆಂಡತಿ ಮಕ್ಕಳನ್ನ ಗುಲಾಮರು ಮಾಡ್ತೀವಿ, ಮತ್ತೆ ಅದರಿಂದ ಆಗೋ ಸಾವುನೋವಿಗೆಲ್ಲ ತಪ್ಪು ನಿಮ್ಮದೇ, ನಮ್ಮದಲ್ಲ. ಇದನ್ನ ಸ್ಪ್ಯಾನಿಷ್‌ನಲ್ಲಿ ಓದ್ತಿದ್ರು. ಕೇಳೋರಿಗೆ ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ. ಎಷ್ಟೋ ಸಲ ಹಡಗಿನ ಮೇಲೇ ನಿಂತು ದಡದ ಕಡೆ ಮುಖ ಮಾಡಿ ಓದಿದ್ದುಂಟು, ಜನ ಓಡಿಹೋದ ಖಾಲಿ ಗುಡಿಸಲುಗಳ ಮುಂದೆ, ಮರಗಿಡಗಳ ಮುಂದೆ ಓದಿದ್ದುಂಟು. ಇದನ್ನ ಓದಿ ನಗಬೇಕೋ ಅಳಬೇಕೋ ಗೊತ್ತಾಗಲ್ಲ ಅಂತ ಆ ಕಾಲದವರೇ ಆದ ಸ್ಪೇನಿನ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಬರೆದಿದಾರೆ.

ನಂಗೆ ಇದ್ರಲ್ಲಿ ಕಾಣೋದು ಭಯ. ಯಾರಿಗೂ ತಪ್ಪು ಅನ್ನಿಸ್ದೇ ಇದ್ದಿದ್ರೆ ಮರದ ಮುಂದೆ ನೋಟಿಸ್ ಓದಿ ನೋಟರಿ ಹತ್ರ ಸಹಿ ಹಾಕ್ಸೋ ಕರ್ಮ ಯಾಕೆ? ದರೋಡೆ ಮಾಡೋನು ಹೋಗಿ ರಸೀದಿ ಬರೆದುಕೊಟ್ಟಂಗೆ ಇದು.

ಲಾಸ್ ಕಾಸಾಸ್ ಕಥೆ ಇನ್ನೂ ಸ್ವಾರಸ್ಯ. ಆತನೂ ಮೊದಲು ಅಲ್ಲಿ ಜಮೀನು, ಬಿಟ್ಟಿ ಆಳುಗಳು ಎಲ್ಲ ಇಟ್ಕೊಂಡಿದ್ದೋನೇ, 1514ರಲ್ಲಿ ಎಲ್ಲ ಬಿಟ್ಟ, ಆಮೇಲೆ ಐವತ್ತು ವರ್ಷ ಅದೇ ವ್ಯವಸ್ಥೆ ವಿರುದ್ಧ ಬಡಿದಾಡಿದ. 1550ರಲ್ಲಿ ಸ್ಪೇನ್ ದೊರೆ ಐದನೇ ಚಾರ್ಲ್ಸ್, ಈ ವಿಷಯ ಇತ್ಯರ್ಥ ಆಗೋವರೆಗೂ ಹೊಸ ದಂಡಯಾತ್ರೆ ಬೇಡ ಅಂತ ಆಜ್ಞೆ ಮಾಡಿ ವಯಾದೊಲಿದ್ ಪಟ್ಟಣದಲ್ಲಿ ಪಂಡಿತರ ಸಭೆ ಕರೆಸ್ದ. ಒಂದು ಕಡೆ ಸೆಪುಲ್ವೆದಾ, ಅಮೆರಿಕಾಕ್ಕೆ ಒಂದು ದಿನವೂ ಹೋದೋನಲ್ಲ, ಕೆಲವರು ಹುಟ್ಟಾ ಗುಲಾಮರು ಅಂತ ಅರಿಸ್ಟಾಟಲ್ ಹೇಳಿದಾನೆ, ನರಬಲಿ ಕೊಡೋರನ್ನ ಗೆದ್ದು ತಿದ್ದೋದು ನ್ಯಾಯ ಅನ್ನೋದು ಅವನ ವಾದ. ಇನ್ನೊಂದು ಕಡೆ ಲಾಸ್ ಕಾಸಾಸ್, ತನ್ನ ವಾದಾನ ಐದು ದಿನ ಓದಿದ. ತೀರ್ಪು? ಬರಲೇ ಇಲ್ಲ. ಇಬ್ಬರೂ ತಾನೇ ಗೆದ್ದೆ ಅಂದ್ಕೊಂಡ್ರು, ದಂಡಯಾತ್ರೆಗಳು ಮತ್ತೆ ಶುರುವಾದ್ವು. ಇದೇ ಲಾಸ್ ಕಾಸಾಸ್, ಅಮೆರಿಕಾದ ಮೂಲ ಜನರನ್ನ ಉಳಿಸೋ ಭರದಲ್ಲಿ, ಬೇಕಾದ್ರೆ ಆಫ್ರಿಕಾದಿಂದ ಗುಲಾಮರನ್ನ ತರಿಸಿ ಅಂತ ಸಲಹೆ ಕೊಟ್ಟೋನು. ವಯಸ್ಸಾದ್ಮೇಲೆ ಅದಕ್ಕೆ ಪಶ್ಚಾತ್ತಾಪಪಟ್ಟು ಬರೆದ, ಆದ್ರೆ ಅಷ್ಟೊತ್ತಿಗೆ ಹಡಗುಗಳು ಹೊರಟಾಗಿತ್ತು.

ಆಫ್ರಿಕಾದವರು ಸುಮ್ನಿದ್ರು ಅಂತ ತಿಳ್ಕೋಬೇಡಿ. 1526ರಲ್ಲಿ ಕಾಂಗೋ ರಾಜ ಅಫೋನ್ಸೋ, ಕ್ರಿಶ್ಚಿಯನ್ ಆಗಿ ಪೋರ್ಚುಗೀಸ್ ಕಲ್ತಿದ್ದೋನು, ಪೋರ್ಚುಗಲ್ ರಾಜನಿಗೆ ಕಾಗದ ಬರೀತಾನೆ. ನಿಮ್ಮ ವ್ಯಾಪಾರಿಗಳು ದಿನಾ ನಮ್ಮ ಜನಾನ, ಗಣ್ಯರ ಮಕ್ಕಳನ್ನ, ನಮ್ಮ ನೆಂಟರನ್ನೂ ಬಿಡ್ದೆ ಹಿಡ್ಕೊಂಡು ಹೋಗ್ತಿದಾರೆ, ದೇಶ ಖಾಲಿ ಆಗ್ತಿದೆ, ನಮಗೆ ಪಾದ್ರಿಗಳು ಮೇಷ್ಟ್ರುಗಳು ಸಾಕು, ಚರ್ಚಿನ ಪೂಜೆಗೆ ಬೇಕಾಗೋ ವೈನು ಹಿಟ್ಟು ಬಿಟ್ರೆ ಬೇರೇನೂ ಕಳಿಸ್ಬೇಡಿ ಅಂತ. ಅಫೋನ್ಸೋ ತಾನೂ ಯುದ್ಧಕೈದಿಗಳನ್ನ ಮಾರ್ತಿದ್ದ, ಅವನೇನು ಸಂತ ಅಲ್ಲ. ಆದ್ರೂ ಆ ಕಾಗದ ಇವತ್ತಿಗೂ ಇದೆ.

ಇಲ್ಲಿಂದ ಒಂದು ದೊಡ್ಡ ಜಿಗಿತ ಹೊಡೀತೀನಿ, ಇಲ್ದಿದ್ರೆ ಮುಗಿಯಲ್ಲ. ಬಂಗಾಳದಲ್ಲಿ ಇಂಗ್ಲಿಷರ ಕಂಪ್ನಿ 1765ರಲ್ಲಿ ದಿವಾನಿ ತಗೊಂಡು ಕಂದಾಯ ವಸೂಲಿಗೆ ನಿಂತಿದ್ದು, 1770ರ ಬರಗಾಲ, ಆಮೇಲೆ ಸಂಸದ ಎಡ್ಮಂಡ್ ಬರ್ಕ್ ಲಂಡನ್ ಪಾರ್ಲಿಮೆಂಟಲ್ಲಿ ವಾರನ್ ಹೇಸ್ಟಿಂಗ್ಸ್ ಮೇಲೆ ಕೇಸು ಹಾಕ್ಸಿ 1788ರಿಂದ 1795ರ ತನಕ ಎಳೆದಿದ್ದು, ಕೊನೆಗೆ ಅವನು ಖುಲಾಸೆ ಆಗಿದ್ದು ನಿಮಗೆ ಗೊತ್ತಿರೋದೇ.

1870ರ ಸುಮಾರಿಗೆ ಆಫ್ರಿಕಾ ಖಂಡದ ಹತ್ತರಲ್ಲಿ ಒಂದು ಪಾಲು ಮಾತ್ರ ಯುರೋಪಿನವರ ಕೈಲಿತ್ತು, ಅದೂ ಹೆಚ್ಚಾಗಿ ಕರಾವಳಿ. 1914ಕ್ಕೆ ಇಥಿಯೋಪಿಯಾ, ಲೈಬೀರಿಯಾ ಬಿಟ್ರೆ ಹತ್ರಹತ್ರ ಪೂರ್ತಿ. ನಾನೂರು ವರ್ಷ ಕರಾವಳೀಲಿ ಕೂತೋರು ನಲವತ್ತು ಚಿಲ್ಲರೆ ವರ್ಷದಲ್ಲಿ ಒಳಗೆ ಹೇಗೆ ನುಗ್ಗಿದ್ರು? ಒಂದು, ಮಲೇರಿಯಾ. ಮುಂಚೆ ಒಳಗೆ ಹೋದ ಬಿಳಿಯರು ಹುಳುಗಳ ಥರ ಸಾಯ್ತಿದ್ರು. 1854ರಲ್ಲಿ ಬೈಕಿ ಅನ್ನೋ ಡಾಕ್ಟರು ದಿನಾ ಕ್ವಿನೈನ್ ನುಂಗಿಸ್ಕೊಂಡು ನೈಜರ್ ನದೀಲಿ ತನ್ನ ತಂಡಾನ ಕರ್ಕೊಂಡು ಹೋಗಿ ಒಬ್ಬರೂ ಸಾಯ್ದೇ ವಾಪಸ್ ತಂದ. ಎರಡು, ನದೀಲಿ ಹೋಗೋ ಸ್ಟೀಮ್ ಬೋಟು. ಮೂರು, 1884ರ ಮ್ಯಾಕ್ಸಿಮ್ ಅನ್ನೋ ಮಷೀನ್ ಗನ್ನು. 1898ರಲ್ಲಿ ಸುಡಾನಿನ ಓಮ್ಡರ್ಮನ್‌ನಲ್ಲಿ ಒಂದು ಬೆಳಿಗ್ಗೆ ಸುಮಾರು 10,000 ಸುಡಾನಿಗಳು ಸತ್ತಾಗ ಬ್ರಿಟಿಷ್ ಕಡೆ ಸತ್ತಿದ್ದು ಐವತ್ತಕ್ಕೂ ಕಮ್ಮಿ. ಆದ್ರೆ ಇದೆಲ್ಲ ಕೈಯಲ್ಲಿರೋ ಆಯುಧ ಆಯ್ತು, ಮನಸ್ಸಲ್ಲಿದ್ದ ಆಸೆ ಏನು ಅನ್ನೋದಕ್ಕೆ ಪಂಡಿತರಲ್ಲಿ ಇವತ್ತಿಗೂ ಒಮ್ಮತ ಇಲ್ಲ.

ಹಾಬ್ಸನ್ ಅನ್ನೋ ಇಂಗ್ಲಿಷ್ ಪತ್ರಕರ್ತ ಯುದ್ಧದ ಹೊತ್ತಿಗೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಬಂದು 1902ರಲ್ಲಿ ಹೇಳಿದ, ಇಂಗ್ಲೆಂಡಲ್ಲಿ ಶ್ರೀಮಂತರ ಹತ್ರ ದುಡ್ಡು ಕೊಳೀತಿದೆ, ಬಡವರಿಗೆ ಕೊಳ್ಳೋ ಶಕ್ತಿ ಇಲ್ಲ, ಹಾಗಾಗಿ ಆ ದುಡ್ಡು ಹೊರದೇಶದಲ್ಲಿ ಜಾಗ ಹುಡುಕುತ್ತೆ, ಅದನ್ನ ಕಾಯೋಕೆ ಸರ್ಕಾರದ ಸೈನ್ಯ ಹೋಗುತ್ತೆ, ಲಾಭ ಕೆಲವರಿಗೆ, ಖರ್ಚು ಇಡೀ ದೇಶಕ್ಕೆ ಅಂತ. ಲೆನಿನ್ ಇದನ್ನೇ ಹಿಡ್ಕೊಂಡು ಮುಂದೆ ಬೆಳೆಸ್ದ. ಕೇಳೋಕೆ ಸರಿಯಾಗೇ ಇದೆ, ಆದ್ರೆ ಲೆಕ್ಕ ತೆಗೆದು ನೋಡಿದೋರು ಹೇಳಿದ್ದು, ಬ್ರಿಟಿಷ್ ದುಡ್ಡಲ್ಲಿ ದೊಡ್ಡ ಪಾಲು ಹೋಗಿದ್ದು ಅಮೆರಿಕಾ, ಅರ್ಜೆಂಟೀನಾದಂಥ ಕಡೆ, ಹೊಸದಾಗಿ ಹಿಡಿದ ಆಫ್ರಿಕಾಕ್ಕೆ ತೀರಾ ಕಮ್ಮಿ. ಇನ್ನು ಕೆಲವರು ಇದು ದುಡ್ಡಿನ ವಿಷಯಾನೇ ಅಲ್ಲ, ಯುರೋಪಿನ ದೇಶಗಳ ಒಳಜಗಳ ಅಂತಾರೆ, ಅವನು ಹಿಡೀತಾನೆ ಅಂತ ಇವನು, ಇವನು ಹಿಡೀತಾನೆ ಅಂತ ಅವನು, ಸೈಟ್ ಹಂಚಿಕೆ ಅಂದ್ರೆ ಬೇಕೋ ಬೇಡ್ವೋ ಎಲ್ಲರೂ ಅರ್ಜಿ ಹಾಕ್ತಾರಲ್ಲ ಹಂಗೆ. ಜರ್ಮನಿಯ ಬಿಸ್ಮಾರ್ಕ್, ನನ್ನ ಆಫ್ರಿಕಾ ಮ್ಯಾಪು ಇರೋದು ಯುರೋಪಲ್ಲಿ ಅಂತ ಬಾಯಿ ಬಿಟ್ಟು ಹೇಳಿದ್ದ. ನನ್ನ ಕೇಳಿದ್ರೆ ಒಂದೊಂದು ಜಾಗಕ್ಕೆ ಒಂದೊಂದು ಉತ್ತರ, ಒಂದೇ ಬೀಗದ ಕೈ ಎಲ್ಲಾ ಬಾಗಿಲಿಗೂ ಆಗಲ್ಲ.

ಇದನ್ನೆಲ್ಲ ಬಚ್ಚಿಡ್ದೇ ಹೇಳಿದ ಮನುಷ್ಯ ಅಂದ್ರೆ ಫ್ರಾನ್ಸಿನ ಜೂಲ್ ಫೆರಿ. 1885ರ ಜುಲೈ 28, ಮಡಗಾಸ್ಕರ್ ದಂಡಯಾತ್ರೆಗೆ ದುಡ್ಡು ಕೊಡಬೇಕಾ ಬೇಡ್ವಾ ಅಂತ ಪಾರ್ಲಿಮೆಂಟಲ್ಲಿ ಚರ್ಚೆ. ವಿಯೆಟ್ನಾಂನಲ್ಲಿ ಫ್ರೆಂಚರು ಆಗ ಮಾಡ್ತಿದ್ದ ಯುದ್ಧದ ಎಡವಟ್ಟಿಂದ ನಾಲ್ಕು ತಿಂಗಳ ಹಿಂದಷ್ಟೇ ಪ್ರಧಾನಿ ಕುರ್ಚಿ ಕಳ್ಕೊಂಡಿದ್ದ ಫೆರಿ ಎದ್ದು ನಿಂತು ಹೇಳ್ತಾನೆ, ನಮ್ಮ ಮಾಲಿಗೆ ಮಾರ್ಕೆಟ್ ಬೇಕು, ನಮ್ಮ ಹಡಗುಗಳಿಗೆ ಕಲ್ಲಿದ್ದಲು ತುಂಬಿಸ್ಕೊಳ್ಳೋ ಬಂದರು ಬೇಕು, ಅದ್ರ ಜೊತೆ ಇನ್ನೊಂದು ಮಾತು, ಮೇಲಿನ ಜನಾಂಗಕ್ಕೆ ಕೆಳಗಿನ ಜನಾಂಗದ ಮೇಲೆ ಒಂದು ಹಕ್ಕು ಇದೆ, ಯಾಕಂದ್ರೆ ಅವರನ್ನ ನಾಗರಿಕರಾಗಿ ಮಾಡೋ ಕರ್ತವ್ಯ ಇದೆ ಅಂತ. ಕಾರಣ ನೆಪ ಎರಡೂ ಒಂದೇ ಭಾಷಣದಲ್ಲಿ, ಒಂದೇ ಬಾಯಲ್ಲಿ. ಸಭೇಲಿ ಗದ್ದಲ ಆಯ್ತು, ಮನುಷ್ಯರ ಹಕ್ಕುಗಳನ್ನ ಬರೆದ ದೇಶದಲ್ಲಿ ಹಿಂಗೆ ಹೇಳ್ತೀಯಾ ಅಂತ ಕೂಗಿದ್ರು.

ಎರಡು ದಿನ ಬಿಟ್ಟು ಅದೇ ಸಭೆಯ ಸದಸ್ಯ ಕ್ಲೆಮೆನ್ಸೋ ಉತ್ತರ ಕೊಟ್ಟ. 1870ರ ಯುದ್ಧದಲ್ಲಿ ಫ್ರಾನ್ಸ್ ಜರ್ಮನಿ ಕೈಲಿ ಸೋತಿತ್ತಲ್ಲ, ಆ ಗಾಯಕ್ಕೇ ಕೈ ಹಾಕ್ದ. ಫ್ರೆಂಚರು ಜರ್ಮನರಿಗಿಂತ ಕೀಳು ಜನಾಂಗ, ಅದಕ್ಕೇ ಸೋಲಲೇಬೇಕಿತ್ತು ಅಂತ ಜರ್ಮನ್ ಪಂಡಿತರು ಸೈಂಟಿಫಿಕ್ಕಾಗಿ ಪ್ರೂವ್ ಮಾಡಿದ್ದನ್ನ ಕೇಳಿದಾಗಿಂದ, ಯಾವ ಮನುಷ್ಯನನ್ನಾಗಲಿ ಯಾವ ನಾಗರಿಕತೆಯನ್ನಾಗಲಿ ಕೀಳು ಅನ್ನೋಕೆ ಮುಂಚೆ ನಾನು ಎರಡು ಸಲ ಯೋಚನೆ ಮಾಡ್ತೀನಿ ಅಂದ. ಹಿಂದೂಗಳು ಕೀಳಾ, ಚೀನಿಯರು ಕೀಳಾ, ಅವರ ಅಷ್ಟು ಹಳೇ ನಾಗರಿಕತೆ ನೋಡಿ ಮಾತಾಡಿ ಅಂತ ಭಾರತದ ಹೆಸರನ್ನೂ ಎತ್ತಿದ. ಓದಿದಾಗ ಶಿಳ್ಳೆ ಹೊಡೀಬೇಕು ಅನ್ಸಿತ್ತು. ಆದ್ರೆ ಇದೇ ಕ್ಲೆಮೆನ್ಸೋ ಆಮೇಲೆ ಎರಡು ಸಲ ಪ್ರಧಾನಿ ಆದ, ಒಂದೇ ಒಂದು ವಸಾಹತು ವಾಪಸ್ ಕೊಡ್ಲಿಲ್ಲ. ಸ್ವಾತಂತ್ರ್ಯದ ಬಗ್ಗೆ ಅಷ್ಟು ಚೆನ್ನಾಗಿ ಬರೆದ ಜಾನ್ ಸ್ಟುವರ್ಟ್ ಮಿಲ್ ಕೂಡ 1823ರಿಂದ 1858ರ ತನಕ ಈಸ್ಟ್ ಇಂಡಿಯಾ ಕಂಪ್ನಿ ನೌಕರ, ಈ ಸ್ವಾತಂತ್ರ್ಯ ಎಲ್ಲ ಇನ್ನೂ ಬೆಳೀದೇ ಇರೋ ಜನಾಂಗಗಳಿಗೆ ಅನ್ವಯ ಆಗಲ್ಲ ಅಂತ ಅಲ್ಲೇ ಒಂದು ಸಾಲು ಸೇರಿಸಿದ್ದ.

ನಾಗರಿಕತೆ ಅಂದ ಕೂಡ್ಲೇ ನಮ್ಮಲ್ಲಿ ರೈಲು ಬರುತ್ತೆ. ಬ್ರಿಟಿಷರು ಬರ್ದೇ ಇದ್ದಿದ್ರೆ ರೈಲು ಎಲ್ಲಿರ್ತಿತ್ತು ಅಂತ. ರೈಲು ಕಂಪ್ನಿಗಳಲ್ಲಿ ದುಡ್ಡು ಹಾಕಿದ ಲಂಡನ್ ಮಂದಿಗೆ ಲಾಭ ಬರ್ಲಿ ಬಿಡ್ಲಿ ವರ್ಷಕ್ಕೆ 5 ಪರ್ಸೆಂಟ್ ಗ್ಯಾರಂಟಿ ಅಂತ ಒಪ್ಪಂದ ಇತ್ತು, ಕಮ್ಮಿ ಬಿದ್ದಿದ್ದನ್ನ ತುಂಬಿಕೊಡ್ತಿದ್ದಿದ್ದು ಭಾರತದ ಕಂದಾಯದಿಂದ. ಜಪಾನನ್ನ ಯಾರೂ ಆಳ್ಲಿಲ್ಲ, ಅವರು ಲಂಡನ್ನಲ್ಲೇ ಸಾಲ ಎತ್ತಿ, ಇಂಗ್ಲಿಷ್ ಎಂಜಿನಿಯರುಗಳನ್ನ ಸಂಬಳಕ್ಕೆ ಕರೆಸ್ಕೊಂಡು 1872ರಲ್ಲಿ ರೈಲು ಓಡ್ಸಿದ್ರು. ಇದಕ್ಕಿಂತ ಹೆಚ್ಚು ಹೇಳಲ್ಲ. ಹಂಗಂತ ಬಂದೋರೆಲ್ಲ ಕೊಳ್ಳೆ ಹೊಡೆಯೋಕೇ ಬಂದ್ರು ಅಂತ ನಾವು ಕನ್ನಡದೋರು ಹೇಳೋಕಾಗಲ್ಲ, ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಮಂಗಳೂರು ಸಮಾಚಾರ ಶುರು ಮಾಡಿದ್ದು, ಕಿಟ್ಟೆಲ್ 1894ರಲ್ಲಿ ನಿಘಂಟು ಕೊಟ್ಟಿದ್ದು ಕಣ್ಮುಂದೇ ಇದೆ. ನೆಪ ಅಂತ ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ನಿಜ ಅಂತ ನಂಬಿ ಜೀವ ತೇಯ್ದಿರ್ತಾರೆ, ಈ ವಿಷಯದ ಗೋಜಲು ಇರೋದೇ ಅಲ್ಲಿ.

ಈಗ ಕಾಂಗೋ. ಬೆಲ್ಜಿಯಂ ರಾಜ ಎರಡನೇ ಲಿಯೋಪೋಲ್ಡ್, ಸಣ್ಣ ದೇಶದ ರಾಜ, ಒಂದು ವಸಾಹತು ಬೇಕೇ ಬೇಕು ಅಂತ ಹಟ ಹಿಡಿದೋನು. ಅವನು ಬಳಸಿದ ಮಾತು ಕೇಳಿ: ಅರಬ್ ಗುಲಾಮಿ ವ್ಯಾಪಾರ ನಿಲ್ಲಿಸ್ತೀನಿ, ವಿಜ್ಞಾನ ಬೆಳೆಸ್ತೀನಿ, ಧರ್ಮಾರ್ಥ ಸಂಘ ಕಟ್ತೀನಿ. 1884ರ ನವೆಂಬರಿಂದ 1885ರ ಫೆಬ್ರವರಿವರೆಗೆ ಬರ್ಲಿನ್ನಲ್ಲಿ ಆಫ್ರಿಕಾ ವಿಷಯಕ್ಕೆ ಅಂತ 14 ದೇಶಗಳ ಸಭೆ ನಡೀತು, ಆಫ್ರಿಕಾದವರು ಒಬ್ಬರೂ ಇಲ್ಲ, ಅಲ್ಲಿನ ಜನರ ನೈತಿಕ ಮತ್ತು ಭೌತಿಕ ಏಳಿಗೆಗೆ ದುಡೀತೀವಿ ಅಂತ ಆರನೇ ಕಲಮಿನಲ್ಲಿ ಬರೆದು ಸಹಿ ಹಾಕಿದ್ರು. ಬೆಲ್ಜಿಯಂನ 76 ಪಟ್ಟು ದೊಡ್ಡದಾದ ಕಾಂಗೋ ಲಿಯೋಪೋಲ್ಡ್ ಒಬ್ಬನ ಸ್ವಂತ ಆಸ್ತಿ ಆಯ್ತು. ಅವನು ಅಲ್ಲಿಗೆ ಒಂದು ಸಲಾನೂ ಹೋಗ್ಲಿಲ್ಲ.

1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಡನ್‌ಲಪ್ ಅನ್ನೋ ಪಶುವೈದ್ಯ ತನ್ನ ಮಗನ ಮೂರು ಗಾಲಿ ಸೈಕಲ್ಲಿಗೆ ಗಾಳಿ ತುಂಬೋ ಟೈರು ಮಾಡಿದ. ಅದು ಪಾಪ ಮಗನ ಮೇಲಿನ ಪ್ರೀತಿಗೆ. ಆದ್ರೆ ಅಲ್ಲಿಂದ ಜಗತ್ತಿಗೆಲ್ಲ ರಬ್ಬರ್ ಬೇಕಾಯ್ತು. ಏಷ್ಯಾದಲ್ಲಿ ರಬ್ಬರ್ ತೋಟ ಹಾಕ್ತಿದ್ರು, ಗಿಡ ಬೆಳೆದು ಹಾಲು ಬರೋಕೆ ವರ್ಷಗಳು ಬೇಕು. ಕಾಂಗೋ ಕಾಡಲ್ಲಿ ರಬ್ಬರ್ ಬಳ್ಳಿ ತಾನಾಗೇ ಬೆಳೆದಿತ್ತು, ಕಿತ್ತು ತರೋ ಕೈಗಳಷ್ಟೇ ಬೇಕು. ತೋಟಗಳು ಫಸಲಿಗೆ ಬರೋದ್ರೊಳಗೆ ಎಷ್ಟು ಬಾಚೋಕಾಗುತ್ತೋ ಅಷ್ಟು ಬಾಚ್ಬೇಕು, ಆ ಅವಸರಾನೇ ಜನರನ್ನ ಕೊಂದಿದ್ದು. ಹೆಂಗಸರನ್ನ ಒತ್ತೆ ಹಿಡಿದು ಕೂಡಿಹಾಕೋರು, ಗಂಡ ಕೋಟಾದಷ್ಟು ರಬ್ಬರ್ ತಂದ್ರೆ ಬಿಡೋರು. ಸಿಪಾಯಿಗಳೂ ಆಫ್ರಿಕಾದವರೇ, ಅಧಿಕಾರಿಗಳು ಬಿಳಿಯರು. ಗುಂಡು ದುಬಾರಿ, ಬೇಟೆಗೆ ಗೀಟೆಗೆ ಖರ್ಚು ಮಾಡ್ಬಾರ್ದು ಅಂತ ಒಂದೊಂದು ಗುಂಡಿಗೂ ಸತ್ತೋರ ಒಂದು ಬಲಗೈ ಲೆಕ್ಕ ತೋರಿಸ್ಬೇಕಿತ್ತು. ಬೇಟೆಗೆ ಗುಂಡು ಹಾರಿಸಿದೋನು ಲೆಕ್ಕ ಸರಿಮಾಡೋಕೆ ಬದುಕಿರೋರ ಕೈ ಕಡೀತಿದ್ದ. 1904ರಲ್ಲಿ ಇಂಗ್ಲಿಷ್ ಮಿಷನರಿ ಆಲಿಸ್ ಹ್ಯಾರಿಸ್ ತೆಗೆದ ಒಂದು ಫೋಟೋ ಇದೆ, ನ್ಸಾಲಾ ಅನ್ನೋ ಮನುಷ್ಯ ಜಗಲಿ ಮೇಲೆ ಕೂತು ತನ್ನ ಮುಂದೆ ಇಟ್ಟಿರೋದನ್ನ ನೋಡ್ತಿದಾನೆ, ಅದು ಅವನ ಐದು ವರ್ಷದ ಮಗಳ ಒಂದು ಕೈ, ಒಂದು ಪಾದ. ಅವಳದ್ದು ಅಂತ ಅವನಿಗೆ ಉಳಿದಿದ್ದು ಅಷ್ಟೇ. ಅಲ್ಲಿ ಅದಕ್ಕೆ ಮುಂಚೆ ಯಾರೂ ಜನಗಣತಿ ಮಾಡಿರ್ಲಿಲ್ಲ, ಹಾಗಾಗಿ ಒಟ್ಟು ಎಷ್ಟು ಜನ ಹೋದ್ರು ಅಂತ ಇತಿಹಾಸಕಾರರು ಇನ್ನೂ ಜಗಳ ಆಡ್ತಾರೆ, ಲಕ್ಷಗಟ್ಟಲೆ ಅನ್ನೋದ್ರಲ್ಲಿ ಜಗಳ ಇಲ್ಲ.

ಇದನ್ನ ಹೊರಗೆ ಹಾಕಿದ್ದು ಹೇಗೆ ಅನ್ನೋದು ಅಕೌಂಟ್ಸ್ ಗೊತ್ತಿರೋರಿಗೆ ಖುಷಿ ಕೊಡುತ್ತೆ. ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್ ಅನ್ನೋ ಕರಿಯ ಅಮೆರಿಕನ್ 1890ರಲ್ಲೇ ಕಾಂಗೋ ಸುತ್ತಿ ನೋಡಿ ರಾಜನಿಗೆ ಬಹಿರಂಗ ಪತ್ರ ಬರೆದಿದ್ದ, ಮುಂದಿನ ವರ್ಷ ತೀರ್ಕೊಂಡ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಆಮೇಲೆ ಎಡ್ಮಂಡ್ ಮೊರೆಲ್, ಲಿವರ್‌ಪೂಲಿನ ಒಂದು ಹಡಗು ಕಂಪ್ನಿ ಗುಮಾಸ್ತ, ಕೆಲಸದ ಮೇಲೆ ಆಗಾಗ ಆಂಟ್ವೆರ್ಪ್ ಬಂದರಿಗೆ ಹೋಗ್ತಿದ್ದ. ಕಾಂಗೋದಿಂದ ಬರೋ ಹಡಗಲ್ಲಿ ರಬ್ಬರು, ಆನೆದಂತ ರಾಶಿ ರಾಶಿ. ಹೋಗೋ ಹಡಗಲ್ಲಿ ನೋಡಿದ್ರೆ ಬಂದೂಕು, ಮದ್ದುಗುಂಡು, ಅಧಿಕಾರಿಗಳು, ಅಷ್ಟೇ. ಬಟ್ಟೆ ಇಲ್ಲ, ಪಾತ್ರೆ ಇಲ್ಲ, ಮಾರೋ ಸಾಮಾನೇ ಇಲ್ಲ. ಕೊಳ್ಳೋದಕ್ಕೆ ಏನೂ ಕಳಿಸ್ದೇ ಇಷ್ಟೊಂದು ಮಾಲು ಹೆಂಗೆ ಬರ್ತಿದೆ? ಕಾಂಗೋಗೆ ಕಾಲೂ ಇಡ್ದೇ, ಲೆಡ್ಜರ್ ನೋಡ್ಕೊಂಡೇ, ಇದು ಬಿಟ್ಟಿ ದುಡಿಮೆ ಅಂತ ಆಸಾಮಿ ಹಿಡಿದ. 1901ರಲ್ಲಿ ಕೆಲಸ ಬಿಟ್ಟು ಇದಕ್ಕೇ ನಿಂತ. 1903ರಲ್ಲಿ ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟ್ ಬಾಡಿಗೆ ಬೋಟಲ್ಲಿ ಒಳಗೆಲ್ಲ ಸುತ್ತಿ ಸಾಕ್ಷಿ ಬರ್ಕೊಂಡು ಬಂದ. ಮುಂದಿನ ವರ್ಷ ರಿಪೋರ್ಟ್ ಅಚ್ಚಾದಾಗ ವಿದೇಶಾಂಗ ಇಲಾಖೆ ಅದ್ರಲ್ಲಿದ್ದ ಹೆಸರುಗಳನ್ನೆಲ್ಲ ತೆಗೆದು ಬರೀ ಅಕ್ಷರ ಹಾಕಿತ್ತು, ಅವನು ಕೆಂಡಾಮಂಡಲ ಆದ.

ಮೊರೆಲ್‌ಗೆ ಸಾಮ್ರಾಜ್ಯದ ಮೇಲೆ ತಕರಾರಿರ್ಲಿಲ್ಲ, ಲಿಯೋಪೋಲ್ಡನ ರೀತಿ ಮೇಲೆ ಮಾತ್ರ ಇತ್ತು. 1920ರಲ್ಲಿ ಜರ್ಮನೀಲಿ ಬೀಡುಬಿಟ್ಟಿದ್ದ ಫ್ರೆಂಚರ ಕರಿಯ ಸಿಪಾಯಿಗಳ ಬಗ್ಗೆ ಇದೇ ಮನುಷ್ಯ ಓದೋಕೆ ನಾಚಿಕೆ ಆಗೋಂಥ ಜನಾಂಗ ದ್ವೇಷದ ಬರಹ ಬರೆದ. ಕೇಸ್‌ಮೆಂಟ್ ಹೋಗಿದ್ದು ಬೇರೆ ದಾರಿ. ಕಾಂಗೋದಲ್ಲಿ ಲಿಯೋಪೋಲ್ಡನನ್ನ ಹುಡುಕ್ತಾ ಹೋಗಿ ಅಲ್ಲಿ ನನ್ನೊಳಗಿನ ಐರಿಷ್‌ನವನನ್ನ ಕಂಡೆ ಅಂತ ಗೆಳತಿಗೆ ಬರೆದ. 1911ರಲ್ಲಿ ಸರ್ ಪದವಿ ಕೊಟ್ಟ ಸರ್ಕಾರಾನೇ, ಐರ್ಲೆಂಡ್ ಬಂಡಾಯಕ್ಕೆ ಜರ್ಮನಿಯಿಂದ ಬಂದೂಕು ತರೋಕೆ ಹೋದ ಅಂತ 1916ರ ಆಗಸ್ಟ್ 3ಕ್ಕೆ ಅವನನ್ನ ಲಂಡನ್ನಲ್ಲಿ ಗಲ್ಲಿಗೆ ಹಾಕ್ತು.

ಒತ್ತಡ ತಡೀದೇ 1908ರಲ್ಲಿ ಲಿಯೋಪೋಲ್ಡ್ ಕಾಂಗೋವನ್ನ ಬೆಲ್ಜಿಯಂ ಸರ್ಕಾರಕ್ಕೆ ಬಿಟ್ಕೊಟ್ಟ. ಬಿಟ್ಕೊಟ್ಟ ಅಂದ್ರೆ ಪುಕ್ಕಟೆ ಅಲ್ಲ, ಕಾಂಗೋಗಾಗಿ ಮಾಡಿದ ತ್ಯಾಗಕ್ಕೆ ಕೃತಜ್ಞತೆ ಅಂತ 5 ಕೋಟಿ ಫ್ರಾಂಕ್. ಕೊಡೋಕೆ ಮುಂಚೆ ಬ್ರಸೆಲ್ಸ್‌ನಲ್ಲಿ ಎಂಟು ದಿನ ಒಲೆ ಉರಿಸಿ ಕಾಂಗೋ ಕಡತಗಳನ್ನ ಸುಟ್ರು. ತಪ್ಪು ಅಂತ ಗೊತ್ತೇ ಇರ್ಲಿಲ್ಲ ಅನ್ನೋರು ಈ ಎಂಟು ದಿನದ ಹೊಗೆಗೆ ಏನಂತಾರೋ ಕೇಳ್ಬೇಕು.

2020ರ ಜೂನ್ 30, ಕಾಂಗೋ ಸ್ವತಂತ್ರ ಆಗಿ 60 ವರ್ಷ. ಬೆಲ್ಜಿಯಂ ರಾಜ ಫಿಲಿಪ್ ಕಾಂಗೋ ಅಧ್ಯಕ್ಷರಿಗೆ ಕಾಗದ ಬರೆದು ಹಿಂದೆ ಆದದ್ದಕ್ಕೆ ಅತೀವ ವಿಷಾದ ಅಂದ್ರು. ವಿಷಾದ ಅಂತ ಬರೆದ್ರು, ಕ್ಷಮೆ ಅಂತ ಬರೀಲಿಲ್ಲ. 2022ರ ಜೂನಲ್ಲಿ ಕಾಂಗೋದ ಮೊದಲ ಪ್ರಧಾನಿ ಲುಮುಂಬಾ ಅವರ ಚಿನ್ನದ ಕವಚದ ಒಂದು ಹಲ್ಲನ್ನ ಅವರ ಮಕ್ಕಳಿಗೆ ವಾಪಸ್ ಕೊಟ್ರು, 1961ರಲ್ಲಿ ಅವರನ್ನ ಕೊಂದು ಆಸಿಡ್ಡಲ್ಲಿ ಕರಗಿಸಿದಾಗ ಒಬ್ಬ ಬೆಲ್ಜಿಯನ್ ಪೊಲೀಸ್ ಕಿತ್ತಿಟ್ಕೊಂಡಿದ್ದು ಅದು. ಬೆಲ್ಜಿಯಂ ಪಾರ್ಲಿಮೆಂಟು ಈ ಎಲ್ಲ ಇತಿಹಾಸ ನೋಡೋಕೆ ಅಂತ ಒಂದು ಸಮಿತಿ ಮಾಡಿತ್ತು, ಎರಡೂವರೆ ವರ್ಷ ಕೂತು ನೂರಾರು ಜನರ ಹೇಳಿಕೆ ಕೇಳಿದ್ರು. 2022ರ ಡಿಸೆಂಬರಲ್ಲಿ ಕೊನೇ ಪುಟಕ್ಕೆ ಬಂದಾಗ ಕ್ಷಮೆ ಅನ್ನೋ ಪದ ಹಾಕ್ಬೇಕಾ ಬೇಡ್ವಾ ಅಂತ ಜಗಳ ಹತ್ತಿ, ಹಾಕಿದ್ರೆ ನಾಳೆ ಪರಿಹಾರದ ದುಡ್ಡು ಕೇಳ್ತಾರೆ ಅಂತ ಕೆಲವು ಪಾರ್ಟಿಗಳು ಎದ್ದು ಹೋಗಿ, ವೋಟಿಗೆ ಹಾಕ್ದೇನೇ ಸಭೆ ಮುಗಿಸಿದ್ರು.